ಕೆಂಪಿಗೆ ಹಾಕಿದ ಹೊಗೆ

ಮೊನ್ನೆ ಹಬ್ಬಕ್ಕೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಡಬ್ಬ ಕೊಟ್ಟರು. ಹೋದ ವರ್ಷ ಗೋಡಂಬಿ, ದ್ರಾಕ್ಷಿ ಕೊಟ್ಟಿದ್ದರಿಂದ ಅದೇ ಆಸೆಯಲ್ಲಿ ಮನೆಗೆ ತಂದು, ಮಾರನೇ ದಿನ ರಜೆಯಲ್ಲಿ ಬಿಚ್ಚಿದೆ. ಬಂಗಾರದ ಬಣ್ಣದ ರಿಬ್ಬನ್ನು, ಅದರೊಳಗೆ ಗರಿಗರಿ ಕಾಗದ, ಕಾಗದದೊಳಗೆ ಬಿಸ್ಕತ್ತಿನ ಗಾತ್ರದ ಹನ್ನೆರಡು ಬೆರಣಿ. ಜೊತೆಗೊಂದು ಚೀಟಿ: ಬೇವು ಬೆರೆಸಿದ್ದು, ನೊಣ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ, ಮನಸ್ಸಿಗೆ ಶಾಂತಿ ಸಿಗುತ್ತದೆ. ಹಚ್ಚುವುದು ಹೇಗೆಂದು ನಾಲ್ಕು ಚಿತ್ರ ಬೇರೆ. ನಮ್ಮಮ್ಮ ಒಂದನ್ನು ಎತ್ತಿ ಮೂಸಿ ನೋಡಿ, "ಇದೇನಪ್ಪ, ಬೆರಣಿ ಮರಿ ಆಕೈತಾ?" ಅಂದಳು.

ನಾನು ನಗಬೇಕಿತ್ತು. ಆದರೆ ಆ ವಾಸನೆಗೆ ನನ್ನ ಕಿವಿಯಲ್ಲಿ ಸೈರನ್ ಹೊಡೆಯಿತು. ಬೆರಣಿ ವಾಸನೆಗೂ ಸೈರನ್ನಿಗೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ಮನೆ ಇರುವುದು ಕಾಡುಗೋಡಿಯ ಹಿಂಭಾಗದಲ್ಲಿ. ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಒಂಬತ್ತು ಮಹಡಿಯ ಗಾಜಿನ ಕಟ್ಟಡ ಬೆಳೆದಿದೆ. ನಡುವೆ ಒಂದು ಕಾಂಪೌಂಡು ಗೋಡೆ. ಗೋಡೆಯ ಈ ಕಡೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕೆಂಪಿ ಎಂಬ ನಮ್ಮ ಒಂದೇ ಹಸು, ಅದರ ಪಕ್ಕದಲ್ಲಿ ನಮ್ಮಮ್ಮ. ಆ ಕಡೆ ನಾನು. ಆ ಕಟ್ಟಡಕ್ಕೆ ನಾನು ಸೂಪರ್‌ವೈಸರು. ಹಾಗಂದರೆ ಲಿಫ್ಟ್ ನಿಂತರೆ, ನಲ್ಲಿ ಸೋರಿದರೆ, ಒಂದು ಸಾಲಿನವರಿಗೆ ಎ.ಸಿ. ಚಳಿಯಾಗಿ ಪಕ್ಕದ ಸಾಲಿನವರಿಗೆ ಸೆಕೆಯಾದರೆ ಬೈಸಿಕೊಳ್ಳುವವನು. ಗೋಡೆ ಹಾರಿದರೆ ಆಫೀಸು ಎರಡೇ ಹೆಜ್ಜೆ. ಆದರೆ ಗೋಡೆ ಹಾರಿ ಬಂದವನಿಗೆ ಹಾಜರಿ ಹಾಕುವ ಯಂತ್ರ ಇನ್ನೂ ಬಂದಿಲ್ಲವಾದ್ದರಿಂದ, ದಿನಾ ಬೈಕಿನಲ್ಲಿ ಮುಖ್ಯ ರಸ್ತೆ ಸುತ್ತಿ, ಟ್ರಾಫಿಕ್ಕಿನಲ್ಲಿ ಬೆವೆತು, ಮುಂದಿನ ಗೇಟಿನಿಂದ ಒಳಗೆ ಹೋಗುತ್ತೇನೆ.

ಕಟ್ಟಡ ಬಂದ ಮೇಲೆ ಕೊಟ್ಟಿಗೆಗೆ ನೊಣ ಜಾಸ್ತಿಯಾಯಿತು. ಕ್ಯಾಂಟೀನಿನಲ್ಲಿ ಮಿಕ್ಕಿದ್ದನ್ನು ತುಂಬಿಡುವ ಡ್ರಮ್ಮುಗಳು ಗೋಡೆಗೆ ಒರಗಿಕೊಂಡೇ ಇದ್ದವು. "ಇವು ನಮ್ ನೊಣ ಅಲ್ಲ ಕಣಪ್ಪ, ನಿಮ್ ಆಪೀಸ್ ನೊಣ. ಮದ್ಯಾನ ಅಲ್ಲಿ ಉಣ್ತವೆ, ಸಂಜೆ ಇಲ್ಲಿಗ್ ಬತ್ತವೆ," ಎಂದು ಅಮ್ಮ ದೂರುತ್ತಿದ್ದಳು. ಅವಳ ಹತ್ತಿರ ಮದ್ದೂ ಇತ್ತು. ಸಂಜೆ ಐದಕ್ಕೆ, ಹಾಲು ಕರೆಯುವ ಮುಂಚೆ, ತೂತು ಬಿದ್ದ ಬಾಣಲಿಯಲ್ಲಿ ಕೆಂಡ, ಕೆಂಡದ ಮೇಲೆ ಬೆರಣಿ, ಬೆರಣಿಯ ಮೇಲೆ ಹಸಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಗುಪ್ಪೆಂದು ಹೊಗೆ ಏಳುತ್ತಿತ್ತು. ನೊಣಗಳು ಜಾಗ ಖಾಲಿ ಮಾಡುತ್ತಿದ್ದವು. ಕೆಂಪಿ ಬಾಲ ಇಳಿಬಿಟ್ಟು ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು.

ಮೂರು ವರ್ಷದ ಹಿಂದೆ ಕಟ್ಟಡಕ್ಕೆ ಹೊಸ ಯಂತ್ರವೊಂದು ಬಂತು. ಒಳಗೆ ಕೂತವರಿಗೆ ತಾಜಾ ಗಾಳಿ ಬೇಕಂತೆ, ಅದು ಹೊರಗಿನ ಗಾಳಿಯನ್ನು ಎಳೆದು ಒಳಗೆ ಬಿಡುತ್ತದಂತೆ. ಅದರ ಬಾಯಿಯನ್ನು ಎಲ್ಲಿಟ್ಟರು ಅಂತೀರಿ? ನಮ್ಮ ಕೊಟ್ಟಿಗೆಯ ಮಾಡಿಗೆ ಎದುರಾಗಿ. ಮೊದಲನೇ ದಿನವೇ ಸಂಜೆ ಐದು ಗಂಟೆ ಐದು ನಿಮಿಷಕ್ಕೆ ಒಂಬತ್ತೂ ಮಹಡಿಯಲ್ಲಿ ಬೆಂಕಿಯ ಅಲಾರಂ ಹೊಡೆಯಿತು. ನಾನು ವಾಕಿಟಾಕಿ ಹಿಡಿದು ಮೆಟ್ಟಿಲಿನಲ್ಲಿ ಓಡಾಡಿ ಸಾವಿರ ಜನರನ್ನು ಕೆಳಗಿಳಿಸಿದೆ. ಬೆಂಕಿ ಬಿದ್ದರೆ ಎಲ್ಲರೂ ಬಂದು ನಿಲ್ಲಬೇಕಾದ ಜಾಗಕ್ಕೆ ಹಸಿರು ಬೋರ್ಡು ಹಾಕಿತ್ತು. ಅದೂ ನಮ್ಮ ಗೋಡೆಯ ಬುಡದಲ್ಲೇ. ಗೋಡೆಯಾಚೆಯಿಂದ ಅಮ್ಮನ ತಲೆ ಮೇಲೆದ್ದಿತು. ಅಷ್ಟು ಜನರನ್ನು ನೋಡಿ ಅವಳಿಗೆ ಗಾಬರಿ.

"ಯಾಕಪ್ಪ ಇಷ್ಟೊಂದ್ ಜನ ನಿಂತವ್ರೆ? ಯಾರಾನ ಓದ್ರಾ?"

"ಇಲ್ಲಮ್ಮ, ಎಲ್ಲಾ ಓದಿದೋರೇ," ಎಂದು ಮುಂದೆ ನಿಂತಿದ್ದ ದಪ್ಪ ಕನ್ನಡಕದ ಹುಡುಗಿ ಉತ್ತರಿಸಿದಳು. ಅಮ್ಮ ಸತ್ತವರನ್ನು ವಿಚಾರಿಸಿದ್ದು ಪಾಪ ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಹೊಗೆ ಎಲ್ಲಿಂದ ಬಂತೆಂದು ನನ್ನ ಮೂಗಿಗೆ ಆವತ್ತೇ ಗೊತ್ತಾಯಿತು. ಬಾಯಿಗೆ ಮಾತ್ರ ಗೊತ್ತಾಗಲಿಲ್ಲ. ಅಲಾರಂ ಹೊಡೆದ ಪ್ರತಿ ಸಲವೂ ನಾನೊಂದು ವರದಿ ತುಂಬಬೇಕು. ಅದರಲ್ಲಿ 'ಕಾರಣ' ಅಂತ ಒಂದು ಕಾಲಂ. ಮೊದಲ ದಿನ 'ಧೂಳು' ಎಂದು ಬರೆದೆ. ಎರಡನೇ ದಿನ 'ತೇವ'. ಮೂರನೇ ದಿನ 'ಹವಾಮಾನ'. ಪರಿಣತರೊಬ್ಬರು ಬಂದು ಎಲ್ಲಾ ಮಹಡಿಯ ಸೆನ್ಸರುಗಳನ್ನೂ ಬದಲಾಯಿಸಿದರು. ಹೊಸ ಸೆನ್ಸರುಗಳು ಇನ್ನೂ ಚುರುಕಾಗಿದ್ದವು, ಐದು ಗಂಟೆ ಎರಡು ನಿಮಿಷಕ್ಕೇ ಹೊಡೆದವು. ಆ ಪರಿಣತರು ಹನ್ನೊಂದು ದಿನ ಚಾವಣಿಯನ್ನೇ ನೋಡುತ್ತಾ ಓಡಾಡಿದರು. ಕಿಟಕಿಯಾಚೆ ನೋಡುವುದು ಅವರ ಕರಾರಿನಲ್ಲಿ ಇರಲಿಲ್ಲವೋ ಏನೋ.

ನೌಕರರ ಪಾಲಿಗಂತೂ ಅದು ಹಬ್ಬ. ಐದಕ್ಕೆ ಐದು ನಿಮಿಷ ಇರುವಾಗಲೇ ಫೋನು, ಚಪ್ಪಲಿ ಸಿದ್ಧ. ಯಾರೋ ಪುಣ್ಯಾತ್ಮರು ಎಲ್ಲರ ಕ್ಯಾಲೆಂಡರಿನಲ್ಲೂ ಐದರಿಂದ ಐದೂವರೆಯನ್ನು 'ಬೆಂಕಿ' ಎಂದು ಕಾದಿರಿಸಿಬಿಟ್ಟಿದ್ದರು. ಕೆಳಗಿಳಿದವರು ಗೋಡೆಗೆ ಒರಗಿ ಅಮ್ಮನ ಹತ್ತಿರ ಹರಟುತ್ತಿದ್ದರು, ಕೆಂಪಿಯ ಫೋಟೋ ತೆಗೆಯುತ್ತಿದ್ದರು. ಕನ್ನಡಕದ ಹುಡುಗಿ ಒಂದು ಸಂಜೆ, "ಅಮ್ಮ, ನಾಳೆ ನಾಲ್ಕೂವರೆಗೇ ಹಾಕ್ತೀರಾ ಪ್ಲೀಸ್? ಒಂದು ಮೀಟಿಂಗ್ ಇದೆ," ಎಂದು ಬೇಡಿಕೊಂಡಳು.

ನಗದೇ ಇದ್ದವರು ನಮ್ಮ ಮ್ಯಾನೇಜರ್ ಒಬ್ಬರೇ. "ಯಾರು ಗುರು ದಿನಾ ನಮಗೆ ಹೊಗೆ ಹಾಕ್ತಿರೋದು?" ಎಂದು ಕೂಗಾಡುತ್ತಿದ್ದರು. ಬೆಂಗಳೂರಿನ ಬೀದಿಯಲ್ಲಿ ಹೊಗೆ ಹಾಕಿಸಿಕೊಳ್ಳುವುದು ಎಂದರೆ ಕಥೆ ಮುಗಿಯಿತು ಅಂತ. ಅವರು ಆ ಅರ್ಥದಲ್ಲಿ ಕೇಳುತ್ತಿದ್ದರು. ನನಗೆ ಮಾತ್ರ ಅದಕ್ಕೆ ನೇರ ಉತ್ತರ ಗೊತ್ತಿತ್ತು. ಕೊನೆಗೊಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು. "ಸೋಮವಾರ ಸೇಫ್ಟಿ ಆಡಿಟ್ ಇದೆ. ಅವತ್ತೇನಾದ್ರೂ ಹೊಡೀತು ಅಂದ್ಕೋ, ನೀನು ಮಂಗಳವಾರ ಬರೋದೇನ್ ಬೇಡ."

ಈಗ ನಾಚಿಕೆ ಪಡಬೇಕಾದ ಭಾಗ. ಸೀದಾ ಅಮ್ಮನಿಗೆ ಹೇಳಬಹುದಿತ್ತು. ಆದರೆ ಮಗ ದೊಡ್ಡ ಕೆಲಸದಲ್ಲಿದ್ದಾನೆ ಎಂದು ಊರಿಗೆಲ್ಲಾ ಅವಳೇ ಸಾರಿದ್ದಳು. ಒಂದು ಬಾಣಲಿ ಹೊಗೆಗೆ ಹಾರಿಹೋಗುವಂಥ ಕೆಲಸ ಎಂದು ಅವಳಿಗೆ ಹೇಳಲು ನನ್ನ ಜಂಭ ಬಿಡಲಿಲ್ಲ. ಅದಕ್ಕೇ, "ಅಮ್ಮ, ದನದ ಡಾಕ್ಟ್ರು ಸಿಕ್ಕಿದ್ರು. ಹೊಗೆಯಿಂದ ಕೆಂಪಿ ಕಣ್ಣು ಹೋಗುತ್ತಂತೆ," ಅಂದೆ. ಅಮ್ಮ ಕೆಂಪಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬಾಣಲಿಯನ್ನು ಅಟ್ಟದ ಮೇಲೆ ಇಟ್ಟಳು.

ಸೋಮವಾರ ಅಲಾರಂ ಹೊಡೆಯಲಿಲ್ಲ. ಮಂಗಳವಾರವೂ ಇಲ್ಲ. ಸಮಸ್ಯೆಯನ್ನು ಬುಡಸಮೇತ ಬಗೆಹರಿಸಿದವನು ಎಂದು ನನಗೊಂದು ಚೌಕಟ್ಟು ಹಾಕಿದ ಪ್ರಶಸ್ತಿಪತ್ರ ಬಂತು.

ನೊಣಗಳಿಗೆ ಆ ಪ್ರಶಸ್ತಿಯ ಸುದ್ದಿ ತಲುಪಲಿಲ್ಲ. ಕೆಂಪಿಯ ಕಣ್ಣಂಚಿನಲ್ಲಿ, ಕೆಚ್ಚಲ ಮೇಲೆ ಮುತ್ತಿಕೊಂಡವು. ತಪ್ಪಿನ ಭಾರಕ್ಕೆ ನಾನು ಒಂದೊಂದೇ ಉಪಾಯ ತಂದೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲ ನೇತು ಹಾಕಿದೆ, ನೊಣಗಳು ಅದರ ಮೇಲೆ ಕೂತು ಕೈ ಉಜ್ಜಿಕೊಂಡವು. ನೀಲಿ ದೀಪದ ಯಂತ್ರ ಹಾಕಿದೆ, ಅದಕ್ಕೆ ಬಿದ್ದದ್ದು ಎರಡು ಜೀರುಂಡೆ. ಅಂಟಿನ ಹಳದಿ ಹಾಳೆ ತೂಗುಹಾಕಿದೆ. ಕೆಂಪಿ ಬಾಲ ಬೀಸಿ ಅದನ್ನು ಕಿತ್ತು, ನೊಣಗಳ ಸಮೇತ ತಂದು ನನ್ನ ಆಫೀಸಿನ ಅಂಗಿಗೆ ಅಂಟಿಸಿತು. ಪ್ರಶಸ್ತಿ ಕೊಡುವುದರಲ್ಲಿ ಅದರದ್ದೇ ಸರಿಯಾದ ಕ್ರಮ ಎಂದು ಈಗ ಅನ್ನಿಸುತ್ತದೆ.

ಕೊನೆಗೆ ಅಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಕೈಗೆ ತೆಗೆದುಕೊಂಡಳು. ದಿನಾ ಸಂಜೆ ಐದರಿಂದ ಹಾಲು ಕರೆದು ಮುಗಿಯುವವರೆಗೆ ಕೆಂಪಿಯ ತಲೆಯ ಹತ್ತಿರ ನಿಂತು ಬೀಸುತ್ತಿದ್ದಳು. ಹಾಲು ಕರೆಯಲು ನಮ್ಮ ಅತ್ತಿಗೆಯನ್ನು ಕರೆಯುತ್ತಿದ್ದಳು. ಬಲಗೈ ಸೋತರೆ ಎಡಗೈ. ಮೂರನೇ ಮಹಡಿಯ ಕಿಟಕಿಯಿಂದ ನನಗೆ ಅದು ಕಾಣುತ್ತಿತ್ತು. ನಾನು ಆ ಕಿಟಕಿಗೆ ಪರದೆ ಹಾಕಿಸಿದೆ. ಬಿಸಿಲು ಬರುತ್ತದೆ ಎಂದು ವರದಿಯಲ್ಲಿ ಬರೆದೆ.

ಹೀಗೆ ಮೂರು ವರ್ಷ. ಈಗ ನೋಡಿ, ಮರಿ ಬೆರಣಿಗಳ ಡಬ್ಬ ಹಿಡಿದು ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ನಿಮ್ ಆಪೀಸ್ನೋರೇ ಕೊಟ್ಟವ್ರೆ. ಕೆಂಪಿ ಕಣ್ಣಿಗೆ ಆಯ್ತದಾ ಇದು?" ಎಂದು ಕೇಳಿದಳು.

ಆವತ್ತು ನನ್ನ ವಾರದ ರಜೆ. ತಪ್ಪಿಸಿಕೊಳ್ಳಲು ಆಫೀಸೂ ಇರಲಿಲ್ಲ. "ಅಮ್ಮ, ಯಾವ ಡಾಕ್ಟ್ರೂ ಹೇಳಿರ್ಲಿಲ್ಲ," ಅಂದೆ.

"ಗೊತ್ತು ಕಣಪ್ಪ. ಆ ಕನ್ನಡಕದ ಉಡುಗಿ ಆವತ್ತಿನ್ ವಾರಾನೇ ಗೋಡೆ ತಾವ ಬಂದು, ನಿಮ್ ಮ್ಯಾನೇಜ್ರು ನಿನ್ನ ಕೆಲ್ಸದಿಂದ ತೆಗಿತೀನಿ ಅಂದಿದ್ದು ಎಲ್ಲಾ ಯೇಳಿದ್ಲು." ಅಮ್ಮ ಡಬ್ಬದ ಮುಚ್ಚಳ ಹಾಕಿದಳು. "ನನ್ ಕೆಲ್ಸ ಓಗ್ತದೆ ಅಂತ ಒಂದ್ ಮಾತು ಅಂದಿದ್ರೆ ನಾನೇನ್ ಇಲ್ಲ ಅಂತಿದ್ನಾ? ನಿನ್ ಸುಳ್ಳನ್ನ ಆ ಮೂಕಪ್ರಾಣಿ ಕಣ್ಣಿಗ್ ಯಾಕಪ್ಪ ಕಟ್ಟಿದೆ?"

ಇಷ್ಟು ವರ್ಷ ಅವಳು ಟವೆಲ್ ಬೀಸಿದ್ದು ನನ್ನ ಸುಳ್ಳನ್ನು ನಂಬಿ ಅಲ್ಲ, ನನ್ನ ಕೆಲಸ ಉಳಿಸಲು. ಎದ್ದು ಅಟ್ಟದಿಂದ ಬಾಣಲಿ ಇಳಿಸಿದೆ. ಕೆಂಡ ಮಾಡಿ, ಹನ್ನೆರಡೂ ಬೆರಣಿಗಳನ್ನು ಸುರಿದೆ. ಅವು ಒಂದು ಕೆಮ್ಮಿಗಾಗುವಷ್ಟೂ ಹೊಗೆ ಕೊಡಲಿಲ್ಲವಾದ್ದರಿಂದ ಮೇಲೆ ಎರಡು ತೆಕ್ಕೆ ಬೇವಿನ ಸೊಪ್ಪು ಹೇರಿದೆ. "ಬ್ಯಾಡ ಕಣೋ, ಟೇಮ್ ನೋಡು, ಐದಾಗೈತೆ!" ಎಂದು ಅಮ್ಮ ಕೈ ಹಿಡಿದಳು. ಅಷ್ಟರಲ್ಲಿ ಹೊಗೆ ಗೋಡೆ ದಾಟಿತ್ತು.

ಅಲಾರಂ ಹೊಡೆಯಿತು. ಗೋಡೆಯಾಚೆ ಗದ್ದಲ, ಚಪ್ಪಾಳೆ. "ಅಮ್ಮಾ! ಮತ್ತೆ ಶುರು ಮಾಡಿದ್ರಾ?" ಎಂದು ಹಳೆಯ ದನಿಯೊಂದು ಕೂಗಿತು. ನನ್ನ ಫೋನು ಬಡಿದುಕೊಂಡಿತು.

"ಎಲ್ಲಿದೀಯ ಗುರು? ಮತ್ತೆ ಯಾರೋ ಹೊಗೆ ಹಾಕಿದ್ರು!"

"ನಾನೇ ಹಾಕಿದ್ದು ಸಾರ್," ಅಂದೆ. ಆ ಕಡೆಯಿಂದ ಸೈರನ್ ಮಾತ್ರ ಕೇಳಿಸುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ವರದಿ ತುಂಬಿದೆ. 'ಪರಿಹಾರ' ಎಂಬಲ್ಲಿ, ಗಾಳಿಯಂತ್ರದ ಬಾಯಿಯನ್ನು ಕೊಟ್ಟಿಗೆಯಿಂದ ಆಚೆ ಪಕ್ಕಕ್ಕೆ ತಿರುಗಿಸುವುದು, ಡ್ರಮ್ಮುಗಳಿಗೆ ಮುಚ್ಚಳ ಹಾಕುವುದು ಎಂದು ಬರೆದೆ. 'ಕಾರಣ' ಎಂಬಲ್ಲಿ ಈ ಸಲ ಧೂಳನ್ನೂ ಹವಾಮಾನವನ್ನೂ ಎಳೆದು ತರಲಿಲ್ಲ. 'ನಮ್ಮ ಮನೆಯ ಹಸುವಿಗೆ ನೊಣ ಮುತ್ತುತ್ತಿತ್ತು' ಎಂದು ಬರೆದು ಸಹಿ ಹಾಕಿದೆ.

ಇನ್ನೂ ಉತ್ತರ ಬಂದಿಲ್ಲ. ಡ್ರಮ್ಮುಗಳಿಗೆ ಮಾತ್ರ ಆವತ್ತೇ ನಾನೇ ಮುಚ್ಚಳ ಹಾಕಿಸಿದೆ. ಮೂರನೇ ಮಹಡಿಯ ಪರದೆಯನ್ನು ತೆಗೆಸಿದ್ದೇನೆ. ಅಲ್ಲಿಂದ ನೋಡಿದರೆ ಅಮ್ಮ ಕಲ್ಲಿನ ಮೇಲೆ ಕೂತಿದ್ದಾಳೆ, ಟವೆಲ್ಲು ಅವಳ ಹೆಗಲ ಮೇಲಿದೆ.