ಎದೆಯ ಬಳಿಯ ಒಳಜೇಬು

ಸೂಜಿಯತ್ತೆಯ ಮುತ್ತಜ್ಜ ಚರ್ಚಿನ ಪೀಠಕ್ಕೆ ಬಟ್ಟೆ ಹೊಲಿದವನು. ಕಣ್ಣು ಮುಚ್ಚಿ ಅಂಚು ಮಡಿಚಿದರೂ ನೂಲು ಹಿಡಿದಂತೆ ನೆಟ್ಟಗಿರುತ್ತಿತ್ತು. ಅಜ್ಜ ಚರ್ಚಿನ ಶಾಲೆಗೆ ದರ್ಜಿಯಾದ. ಒಮ್ಮೆ ಮೇಷ್ಟರು ಬೇರೆ ಧರ್ಮದ ಹುಡುಗಿಯೊಬ್ಬಳ ಕೊರಳ ತಾಯಿತ ಬಿಚ್ಚಿಸಿದರು. ಮೂರು ದಿನ ಅವಳು ಶಾಲೆಯತ್ತ ಸುಳಿಯಲಿಲ್ಲ. ಅಜ್ಜ ಅವಳ ಅಂಗಿಯ ಒಳಮೈಗೆ, ಎದೆಯ ಎಡಕ್ಕೆ, ಎರಡು ಬೆರಳಗಲದ ಜೇಬು ಹೊಲಿದು, ತಾಯಿತವನ್ನು ಅದರೊಳಗಿಟ್ಟು ಕಳಿಸಿದ. ಅಂದಿನಿಂದ ಆ ಶಾಲೆಯ ಪ್ರತಿ ಅಂಗಿಗೂ ಒಳಜೇಬು. ಒಳಗೇನಿದೆ ಎಂದು ಯಾರೂ ಕೇಳುವಂತಿಲ್ಲ. ಅಪ್ಪ ನಲವತ್ತು ವರ್ಷ ಆ ಪದ್ಧತಿ ನಡೆಸಿದ. ಅವನ ನಂತರ ಅದೇ ಹೊಲಿಗೆಗೆ ಕೂತ ಮಗಳೇ ಸೂಜಿಯತ್ತೆ. ಆ ಹೆಸರು ಕೈಗಿಂತ ನಾಲಿಗೆಗೆ ಹೆಚ್ಚು ಒಪ್ಪುತ್ತಿತ್ತು.

ಹೊಸ ಹೆಡ್‌ಮಾಸ್ಟರಾಗಿ ಬಂದ ಪಾದ್ರಿ ಅವಳ ಒಡಹುಟ್ಟಿದ ಅಣ್ಣನ ಮಗ. ಬಂದ ವಾರವೇ ಹೊಲಿಗೆ ಕೋಣೆಯಲ್ಲಿ ಅಂಗಿಗಳ ರಾಶಿಯ ಮುಂದೆ ನಿಂತ.

“ಒಳಜೇಬೆಲ್ಲ ಹೊಲಿದು ಮುಚ್ಚಿಬಿಡಿ, ಅತ್ತೆ. ಇದು ಕ್ರೈಸ್ತರ ಶಾಲೆ. ಕಂಡ ಕಂಡ ದೇವರನ್ನ ಜೇಬಲ್ಲಿಟ್ಕೊಂಡು ಬರೋಕೆ ಸಂತೆಯಲ್ಲ.”

“ನಾನೂ ಕ್ರೈಸ್ತಳೇ ಕಣೋ. ನಿನಗಿಂತ ಮೂವತ್ತು ವರ್ಷ ಹಳಬಳು.”

“ಇಲ್ಲಿ ನಾನು ಫಾದರ್.”

“ಆಗಲಿ ಫಾದರ್. ತೊಟ್ಟಿಲಲ್ಲಿ ತಾವು ಒದ್ದೆ ಮಾಡ್ಕೊಂಡಾಗ ಬಟ್ಟೆ ಬದಲಿಸಿದ್ದು ಈ ಕೈಯೇ. ತಾವು ಇಲ್ಲಿ ಓದೋವಾಗ ತಮ್ಮ ಒಳಜೇಬಲ್ಲಿ ಏನಿತ್ತು, ಹೇಳಲಾ?”

ಬಾಗಿಲಲ್ಲಿ ಇಬ್ಬರು ಟೀಚರು ನಿಂತಿದ್ದರು. ಪಾದ್ರಿಯ ಮುಖ ಬಿಳಿಚಿತು. ಅವನ ತಾಯಿ ಬೇರೆ ಧರ್ಮದ ಮನೆಯಿಂದ ಬಂದ ಸೊಸೆ; ಸಾಯುವ ಮುಂಚೆ ತನ್ನ ತವರಿನ ಜಪಮಣಿಯೊಂದನ್ನು ಮಗನ ಒಳಜೇಬಿಗೆ ಹಾಕಿದ್ದಳು. ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೂ ಕೆಂಡ ತುಳಿದವನಂತೆ ಅವನು ಹೊರಗೆ ನಡೆದ.

ಮರುದಿನ ಹೊಲಿಗೆ ಕೋಣೆಗೆ ಬೀಗ ಬಿತ್ತು. ಅಂಗಿಗಳು ಕಾರ್ಖಾನೆಯಿಂದ ಬಂದವು, ಒಳಜೇಬಿಲ್ಲದೆ. ಅಜ್ಜನ ಕಾಲದ ಹೊಲಿಗೆ ಮಷಿನ್ನೂ ಬೀಗದೊಳಗೇ ಉಳಿಯಿತು. ವಾರ ಕಳೆಯುವಷ್ಟರಲ್ಲಿ ತಾಯಂದಿರು ಒಬ್ಬೊಬ್ಬರಾಗಿ ಅತ್ತೆಯ ಮನೆ ಮೆಟ್ಟಿಲೇರಿದರು, ಹೊಸ ಅಂಗಿ ಸೆರಗಿನಡಿ ಮುಚ್ಚಿಕೊಂಡು. ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವರೂ ಬಂದರು. ಅತ್ತೆ ಕೈಹೊಲಿಗೆಯಲ್ಲೇ ಜೇಬು ಕೂರಿಸಿಕೊಟ್ಟಳು.

ಒಂದು ಮಧ್ಯಾಹ್ನ ಪಾದ್ರಿಯೇ ಬಂದ. ಅತ್ತೆ ಕಣ್ಣು ಕಿರಿದು ಮಾಡಿ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದಳು.

“ಊರನ್ನೆಲ್ಲ ನನ್ನ ಮೇಲೆ ಎತ್ತಿಕಟ್ತಿದ್ದೀರಿ.”

“ಎತ್ತಿಕಟ್ಟೋಕೆ ಅವರೇನು ದನಗಳಾ?”

ಪಾದ್ರಿ ಹಲ್ಲು ಕಚ್ಚಿದ. “ಕೋಣೆ ಬೀಗ ತೆಗೆಸ್ತೀನಿ. ಪೀಠದ ಬಟ್ಟೆ, ನಿಲುವಂಗಿ ಎಲ್ಲ ನಿಮಗೇ. ಜೇಬಿನ ಹಟ ಒಂದು ಬಿಡಿ. ಕಣ್ಣು ಬೇರೆ ಕಾಣ್ತಿಲ್ಲ. ಕೊಡಿ, ದಾರ ನಾನು ಪೋಣಿಸ್ತೀನಿ.”

ಅತ್ತೆ ಸೂಜಿಯನ್ನು ಹಿಂದಕ್ಕೆಳೆದುಕೊಂಡಳು.

“ಬೇಡಪ್ಪ. ಮಕ್ಕಳ ಜೇಬು ಮುಚ್ಚಿಸಿದ ಕೈ ಇದನ್ನ ಮುಟ್ಟೋದು ಬೇಡ. ಸಂಜೆಯಾದರೂ ಆಗಲಿ, ನನ್ನ ದಾರ ನಾನೇ ಪೋಣಿಸ್ಕೊಳ್ತೀನಿ.”