ಮೂವತ್ತನೆಯ ಹೆಸರು

ಪೀಣ್ಯದ ಮಹಿಳಾ ಆಶ್ರಯ ಕೇಂದ್ರದಲ್ಲಿದ್ದ ಫಿಲೋಮಿನಾ ಎಂಬಾಕೆಗೆ ಜನವರಿಯಲ್ಲಿ ಅರವತ್ತೆರಡು ವರ್ಷ ವಯಸ್ಸು. ಮಾರ್ಚಿನಲ್ಲಿ ನಲವತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಇಪ್ಪತ್ತಾರಕ್ಕೆ ಇಳಿದು, ಕಂಕುಳಲ್ಲಿ ಒಂದು ಹೆಣ್ಣುಮಗುವೂ ಬಂದಿತ್ತು. ಕಂಪ್ಯೂಟರಿನ ಮುಂದೆ ಕುಳಿತು ಇದನ್ನು ನೋಡುತ್ತಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಪವಾಡಗಳನ್ನೆಲ್ಲ ನಡೆಸುತ್ತಿದ್ದವರು ಕೇಂದ್ರದ ಮೇಲ್ವಿಚಾರಕಿ ಜಯಮ್ಮ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮನೆಯಿಲ್ಲದವರಿಗಾಗಿ ದುಡಿಯುವ ಏಳೆಂಟು ಕಡೆಗಳನ್ನು ಒಂದೇ ಪೋರ್ಟಲ್ಲಿಗೆ ಜೋಡಿಸಿದ್ದರು. ಪೀಣ್ಯ, ಜಿಗಣಿ, ವೈಟ್‌ಫೀಲ್ಡ್ ಕಡೆಯ ಆಶ್ರಯ ಕೇಂದ್ರಗಳು, ಎರಡು ಕ್ಲಿನಿಕ್ಕು, ಮಧ್ಯಾಹ್ನದ ಊಟ ಹಾಕುವ ಒಂದು ಅಡುಗೆಮನೆ, ಕೂಲಿಕಾರರ ಸಹಾಯ ಕೇಂದ್ರ. ಒಬ್ಬರ ಹೆಸರನ್ನು ಒಂದು ಕಡೆ ಬರೆದರೆ ಎಲ್ಲ ಕಡೆಯೂ ಕಾಣಬೇಕು. ಹೋದಲ್ಲೆಲ್ಲ ಅವರು ತಮ್ಮ ಕಷ್ಟವನ್ನು ಮೊದಲಿಂದ ಹೇಳಿಕೊಳ್ಳುವಂತಾಗಬಾರದು, ನುಂಗುವ ಮಾತ್ರೆ ನಡುವೆ ನಿಲ್ಲಬಾರದು. ಬರೆದದ್ದು ಸರಿಯಿದೆಯೇ ಎಂದು ನೋಡುವವಳು ನಾನು. ತಾಳೆಯಾಗದ ಪುಟಕ್ಕೆ ಕೆಂಪು ಗುರುತು ಬೀಳುತ್ತದೆ, ಸರಿಯಾದರೆ ಹಸಿರು. ನನ್ನ ತಂದೆ ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದವರು. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸಿರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವಳಿಗೆ ಜಯಮ್ಮನ ಲೆಕ್ಕವಿಲ್ಲದ ಫಿಲೋಮಿನಾಗಳನ್ನು ಸಹಿಸುವುದು ಹೇಗೆ ಸಾಧ್ಯ?

ಮೊದಲ ಸಲ ಜಗಳಕ್ಕೆಂದೇ ಪೀಣ್ಯಕ್ಕೆ ಹೋದೆ. ತಗಡು ಕತ್ತರಿಸುವ ವರ್ಕ್‌ಶಾಪಿನ ಬೆನ್ನಿಗೆ ಅಂಟಿಕೊಂಡ ಕಟ್ಟಡ. ಒಳಗೆ ಕುಳಿತು ಮಾತಾಡುವವರು ಗಂಟಲು ಎತ್ತರಿಸಲೇಬೇಕು. ಜಯಮ್ಮ ಕುಳ್ಳಗೆ, ದುಂಡಗೆ ಇದ್ದರು. ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲಿನಲ್ಲಿ ಒಂದು ಸ್ಟೀಲಿನ ಚಿಮಟವೂ ನೇತಾಡುತ್ತಿತ್ತು. ಕಾಲಿಗೆ ಚುಚ್ಚಿದ ತಗಡಿನ ಚೂರು ತೆಗೆಯುವುದಕ್ಕೂ ಅದೇ, ಅಕ್ಕಿಯಲ್ಲಿ ಕಲ್ಲು ಹೆಕ್ಕುವುದಕ್ಕೂ ಅದೇ. ಕೀಬೋರ್ಡಿನ ಗುಂಡಿಗಳನ್ನೂ ಅದರ ಹಿಂಬದಿಯಿಂದಲೇ ಒಂದೊಂದಾಗಿ ಒತ್ತುತ್ತಿದ್ದರು.

"ಬೆರಳು ದಪ್ಪ ಕಣಮ್ಮಾ. ಒಂದ್ ಒತ್ತಿದ್ರೆ ಎರಡು ಬೀಳ್ತವೆ," ಎಂದರು.

ಆ ಚಿಮಟ ಅವರು ಕಾರ್ಖಾನೆಯಲ್ಲಿದ್ದ ಕಾಲದ್ದು. ಮಾಕಳಿಯ ಹಳೆಯ ಮನೆತನದ ಹುಡುಗಿಯಾಗಿದ್ದ ಜಯಮ್ಮ ಹದಿನೆಂಟಕ್ಕೇ ಒಂದು ಸರ್ಕಾರಿ ಕಾರ್ಖಾನೆ ಸೇರಿ, ಕರೆಂಟ್ ಮೀಟರುಗಳನ್ನು ಜೋಡಿಸುತ್ತಿದ್ದರಂತೆ. ಅವರ ಲೈನಿನಲ್ಲಿ ಮೂವತ್ತು ಹೆಂಗಸರು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೆ ಅಷ್ಟೂ ಹೆಂಗಸರು ಅವರ ಬಾಯಲ್ಲಿ ನಿನ್ನೆ ಮೊನ್ನೆ ಶಿಫ್ಟ್ ಮುಗಿಸಿ ಹೋದವರ ಹಾಗೆ ಬಂದು ಹೋಗುತ್ತಿದ್ದರು.

ನಾನು ಕುಳಿತಿದ್ದಾಗಲೇ ಒಬ್ಬ ಹೆಂಗಸನ್ನು ಯಾರೋ ತಂದು ಬಿಟ್ಟರು. ತುಟಿ ಊದಿಕೊಂಡಿತ್ತು. ಜಯಮ್ಮ ಏನೂ ಕೇಳಲಿಲ್ಲ. ಟೀ ಕೊಟ್ಟರು, ಬನ್ನು ಕೊಟ್ಟರು, ಆಕೆ ಅದನ್ನು ಅದ್ದಿಕೊಂಡು ತಿಂದು ಮುಗಿಸುವವರೆಗೆ ಕಾದರು. ಆಮೇಲೆ ಪುಸ್ತಕ ತೆಗೆದರು.

"ಇವತ್ತಿಂದ ನೀನು ಸುಶೀಲ ಕಣವ್ವ. ಸುಶೀಲ ಅಂದ್ರೆ ಬಲೇ ಗಟ್ಟಿಗಿತ್ತಿ, ಸೂಪರ್‌ವೈಸರ್ ಬೈದ್ರೆ ತಿರುಗ್ಸಿ ಬಯ್ಯೋಳು. ಯಾರಾದ್ರೂ ಕೇಳಿದ್ರೆ, ಮೀಟರ್ ಜೋಡಿಸ್ತಿದ್ದೆ ಅನ್ನು. ಅಷ್ಟೇಯ."

ಆಕೆ ಒಡೆದ ತುಟಿಯಲ್ಲೇ ಸಣ್ಣಗೆ ನಕ್ಕಳು. ನನಗೆ ನಗು ಬರಲಿಲ್ಲ.

"ಜಯಮ್ಮನೋರೇ, ಇಪ್ಪತ್ತೈದು ವರ್ಷದ ಹುಡುಗಿ ನಿಮ್ಮ ಕಾರ್ಖಾನೇಲಿ ಕೆಲಸ ಮಾಡಿದ್ದು ಹೆಂಗ್ರೀ? ಅದು ಮುಚ್ಚಿದಾಗ ಇವಳಿನ್ನೂ ಅಂಬೆಗಾಲಿಡ್ತಿದ್ಲು. ನಿಮ್ಮಿಂದ ಪೋರ್ಟಲ್ಲಿನ ತುಂಬ ಕೆಂಪು ಗುರುತು."

"ಕಂಪ್ಯೂಟ್ರಿಗೆ ಅದೆಲ್ಲಾ ಯಾಕಮ್ಮಾ ಬೇಕು? ಅದೇನು ಯೆಣ್ಣು ನೋಡಕ್ಕೆ ಬಂದೈತಾ?"

ಅಲ್ಲಿಗೆ ನನ್ನ ಜಗಳ ಮುಗಿಯಿತು. ಒಬ್ಬಳು ಕೇಂದ್ರ ಬಿಟ್ಟು ಹೋದರೆ ಅವಳ ಹೆಸರು ಮುಂದೆ ಬಂದವಳಿಗೆ. ಹೀಗೆ ಮೀಟರ್ ಲೈನಿನ ಇಪ್ಪತ್ತೊಂಬತ್ತು ಹೆಸರುಗಳು ಸುತ್ತುತ್ತಿದ್ದವು. ಮೂವತ್ತನೆಯದು ಜಯಮ್ಮ. ಅದನ್ನೇಕೆ ಯಾರಿಗೂ ಕೊಟ್ಟಿಲ್ಲವೆಂದು ಒಮ್ಮೆ ಕೇಳಿದ್ದೆ. "ನಂಗೂ ಒಂದ್ ಬೇಕಲ್ಲಮ್ಮಾ. ಇದೊಂದು ನಂಗಿರ್ಲಿ," ಎಂದಿದ್ದರು.

ಪೋರ್ಟಲ್ಲು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಜಯಮ್ಮನೂ ಹೇಳಲಿಲ್ಲ. ತುಮಕೂರು ರಸ್ತೆಯ ಬಸ್ ನಿಲ್ದಾಣದಲ್ಲಿ ಕುಳಿತೇ ಇದ್ದ ಒಬ್ಬ ಮುದುಕಿಯನ್ನು ಕೇಂದ್ರಕ್ಕೆ ಕರೆತಂದಿದ್ದರು. ಯಾವ ಭಾಷೆಗೂ ಉತ್ತರವಿಲ್ಲ. ಮರುದಿನ ಬೆಳಿಗ್ಗೆ ಆಕೆಗೆ ಫಿಟ್ಸ್ ಬಂತು, ಮತ್ತೆ ಬಂತು. ಜಯಮ್ಮ ನನಗೆ ಫೋನ್ ಮಾಡಿದರು. ನಾನು ಪೋರ್ಟಲ್ಲಿನಲ್ಲಿದ್ದ ವಯಸ್ಸಾದ ಹೆಂಗಸರ ಫೋಟೊಗಳನ್ನು ಒಂದೊಂದಾಗಿ ಅವರ ಮೊಬೈಲಿಗೆ ಕಳಿಸುತ್ತ ಹೋದೆ. ಇದಲ್ಲ, ಇದಲ್ಲ, ಇದೇ! ವೈಟ್‌ಫೀಲ್ಡ್ ಕಡೆಯ ಕ್ಲಿನಿಕ್ಕು ಆಕೆಗೆ ಯಾವ ಮಾತ್ರೆ ಕೊಡುತ್ತಿತ್ತು ಎಂಬುದು ಅಲ್ಲೇ ಇತ್ತು. ಮುದುಕಿ ಉಳಿದುಕೊಂಡಳು. ಮುಂದಿನ ಸಲ ಹೋದಾಗ ಜಯಮ್ಮ ನನ್ನ ತಟ್ಟೆಗೆ ಎರಡನೇ ಮುದ್ದೆ ಹಾಕಿ, "ನಿನ್ ಪೆಟ್ಟಿಗೆ ಒಳ್ಳೇದೇ ಕಣಮ್ಮಾ. ಆದ್ರೆ ಅದುಕ್ಕೆ ಬಾಯ್ ಮುಚ್ಕಂಡಿರೋದು ಗೊತ್ತಿಲ್ಲ," ಎಂದರು. ನಾನು ಮೊದಲ ವಾಕ್ಯವನ್ನು ಮಾತ್ರ ಕಿವಿಗೆ ಹಾಕಿಕೊಂಡೆ.

ಆ ವರ್ಷದ ಪರಿಶೀಲನೆ ಹತ್ತಿರ ಬಂತು. ಪೀಣ್ಯದ ಕೆಂಪು ಗುರುತುಗಳು ಹೀಗೇ ಇದ್ದರೆ ಮೇಲ್ವಿಚಾರಕಿಯನ್ನು ಬದಲಿಸಬೇಕಾಗುತ್ತದೆ ಎಂದು ನಮ್ಮ ಆಫೀಸಿನಲ್ಲಿ ಹೇಳಿದರು. ಜಯಮ್ಮನ ಕೆಲಸ ಉಳಿಸಬೇಕೆಂದು ನಾನು ಟೊಂಕ ಕಟ್ಟಿ ನಿಂತೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ ಎನ್ನುವುದು ಹೆಚ್ಚು ಸರಿ. ಎಲ್ಲವನ್ನೂ ಹಸಿರು ಮಾಡಿ ಭೇಷ್ ಅನ್ನಿಸಿಕೊಳ್ಳುವ ಆಸೆಯೂ ಇತ್ತು.

ಆಗ ಕೇಂದ್ರದಲ್ಲಿದ್ದ ಫಿಲೋಮಿನಾ ಎಂದರೆ ಆ ಇಪ್ಪತ್ತಾರರ ಹುಡುಗಿ. ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಕ್ಲಿನಿಕ್ಕಿನಲ್ಲಿ ತಾಯಿಯ ಗುರುತಿನ ಕಾರ್ಡು ಕೇಳಿದ್ದಾರೆ, ಪಾಪ, ಕೊಟ್ಟಿದ್ದಾಳೆ. ಹೆಸರು ಸವಿತಾ, ಗಂಡನ ಹೆಸರು ಇಂಥದ್ದು, ಊರು ಇಂಥದ್ದು ಎಂದು ಕ್ಲಿನಿಕ್ಕಿನ ಪುಟದಲ್ಲಿ ದಾಖಲಾಗಿತ್ತು. ಎರಡೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಒಬ್ಬಳೇ. ಎರಡು ಪುಟಗಳನ್ನೂ ಸೇರಿಸುವ ಗುಂಡಿ ಒತ್ತಿದೆ. ಫಿಲೋಮಿನಾ ಮಾಯವಾದಳು. ಸವಿತಾ, ಇಂಥವನ ಹೆಂಡತಿ, ಈಗಿರುವ ಸ್ಥಳ ಪೀಣ್ಯದ ಮಹಿಳಾ ಆಶ್ರಯ ಕೇಂದ್ರ. ಪಕ್ಕದಲ್ಲಿ ಹಸಿರು ಗುರುತು ಬಿತ್ತು. ಅವಳನ್ನಾಗಲಿ ಜಯಮ್ಮನನ್ನಾಗಲಿ ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಕೇಂದ್ರದ ಮೇಜಿನಲ್ಲೇ ಕುಳಿತು ಉಳಿದ ಹೆಸರುಗಳನ್ನು ಸರಿಪಡಿಸುತ್ತಿದ್ದೆ. ಗೇಟಿನ ಬಳಿ ಒಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಗುವಿನ ಫ್ರಾಕಿದ್ದ ಕವರು. ಮಾತು ಬಲು ನಯ.

"ಅಮ್ಮಾ, ನಮ್ ಮನೆಯವ್ಳು ಸವಿತಾ ಇಲ್ಲಿದಾಳಲ್ಲ, ಕರ್ಕೊಂಡ್ ಹೋಗಕ್ಕೆ ಬಂದೆ."

"ಸವಿತಾನಾ? ಆ ಯೆಸ್ರಿನೋರು ನಮ್ತಾವ ಯಾರೂ ಇಲ್ವಲ್ಲಪ್ಪಾ," ಎಂದರು ಜಯಮ್ಮ.

"ಇದಾಳಮ್ಮಾ. ಜಿಗಣಿ ಸಹಾಯ ಕೇಂದ್ರದಲ್ಲಿ ಅತ್ತು ಕೇಳ್ಕೊಂಡೆ. ಅವ್ರು ಕಂಪ್ಯೂಟರಲ್ಲಿ ನೋಡಿ ಹೇಳಿದ್ರು, ಪೀಣ್ಯದಲ್ಲೇ ಇದಾಳೆ ಅಂತ."

ಜಯಮ್ಮ ತಿರುಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಏನಾಗಿದೆ ಎಂಬುದು ಅವರಿಗೆ ಅರ್ಥವಾಗಿತ್ತು. ಇನ್ನು ಏನು ಮಾಡಬೇಕು ಎಂಬುದನ್ನಷ್ಟೇ ಲೆಕ್ಕ ಹಾಕುತ್ತಿದ್ದರು.

"ಕೂತ್ಕಳಪ್ಪಾ, ದೂರದಿಂದ ಬಂದಿದ್ದೀಯ, ನೀರ್ ತತ್ತೀನಿ," ಎಂದು ಅವನನ್ನು ಗೇಟಿನ ಪಕ್ಕದ ಬೆಂಚಿನಲ್ಲಿ ಕೂರಿಸಿದರು. "ಮೇಡಮ್ಮೋರು ಆಫೀಸಿನೋರೇ. ನೋಡಿ ಯೋಳ್ತಾರೆ. ನೋಡೀಮ್ಮಾ, ಸವಿತಾ ಅನ್ನೋರು ಇದಾರಾ?" ಎಂದು ಹೇಳಿ ಒಳಗೆ ಹೋದರು.

ಪರದೆಯ ಮೇಲೆ ಅವಳ ಹೆಸರಿತ್ತು, ಫೋಟೊ ಇತ್ತು, ನಾನು ಹಾಕಿದ ಹಸಿರು ಗುರುತೂ ಇತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಸುಮ್ಮನೆ ಕೀಬೋರ್ಡು ಒತ್ತಿದೆ. ಮೇಲೆ ಕೆಳಗೆ ಹುಡುಕಿದಂತೆ ಮಾಡಿದೆ. ಊರು ಯಾವುದು, ಕಾಗುಣಿತ ಹೇಳಿ, ಮದುವೆ ಎಲ್ಲಾಯಿತು ಎಂದು ಬೇಡದ್ದನ್ನೆಲ್ಲ ಕೇಳಿದೆ. ಕೊನೆಗೆ, "ಇಲ್ಲ. ಅವರು ತಪ್ಪು ನೋಡಿದಾರೆ," ಎಂದೆ.

ಅವನ ನಯವೆಲ್ಲ ಒಂದೇ ಕ್ಷಣದಲ್ಲಿ ಕಳಚಿ ಬಿತ್ತು. ಗೇಟಿಗೆ ಒದ್ದ, ಕವರನ್ನು ಎಸೆದ, ನಮ್ಮೆಲ್ಲರ ತಾಯಂದಿರನ್ನೂ ಎತ್ತಿ ಆಡಿದ. ವರ್ಕ್‌ಶಾಪಿನ ನಾಲ್ಕು ಜನ ಬಂದು ಹಿಡಿದುಕೊಂಡರು. ಅಷ್ಟರಲ್ಲಿ ಸವಿತಾ ಮಗುವನ್ನು ಎತ್ತಿಕೊಂಡು ಹಿಂಬಾಗಿಲಿನಿಂದ, ತಗಡಿನ ರಾಶಿಗಳ ನಡುವೆ ನಡೆದು ಹೋಗಿಯಾಗಿತ್ತು. ನಾನು ಕಿಟಕಿಯಿಂದ ಕಂಡದ್ದು ಇಷ್ಟು: ಬಾಗಿಲಲ್ಲಿ ಜಯಮ್ಮ ಅವಳ ಗಲ್ಲ ಹಿಡಿದು ಏನೋ ಹೇಳಿದರು. ಅವಳು ತಲೆಯಾಡಿಸಿದಳು. ಮಗುವಿನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಜಯಮ್ಮ ನನ್ನನ್ನು ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಮೇಜಿನ ಕೆಳಗೆ ಸಿಕ್ಕ ಆ ಪುಟ್ಟ ಚಪ್ಪಲಿಯನ್ನು ಸೆರಗಿನಿಂದ ಒರೆಸುತ್ತ ಕುಳಿತರು.

"ಎಲ್ಲಿಗ್ ಹೋದ್ಲು ಜಯಮ್ಮನೋರೇ?"

"ನಾನ್ ಕೇಳ್ನಿಲ್ಲ. ಕೇಳಿದ್ರೆ ನಂಗೆ ಗೊತ್ತಾಗೋಯ್ತದೆ. ಗೊತ್ತಿದ್ರೆ ಇನ್ನೊಬ್ರು ಕೇಳ್ತಾರೆ." ಚಪ್ಪಲಿಯನ್ನು ಮೇಜಿನ ಮೇಲಿಟ್ಟು, "ಇನ್ಮೇಲೆ ಅವ್ಳು ಯಾವ ಕೇಂದ್ರಕ್ಕೂ ಬರಕಿಲ್ಲ ಕಣಮ್ಮಾ. ಎದ್ರಿಕೊಂಡವ್ಳೆ," ಎಂದರು.

ಅಂದು ಮನೆಗೆ ಹೋಗಿ ನಾನು ಅತ್ತೆ. ಮರುದಿನ ಸೇರಿಸಿದ್ದ ಪುಟಗಳನ್ನು ಬಿಡಿಸಿದೆ. ನಡೆದದ್ದನ್ನು ನನ್ನ ತಪ್ಪೆಂದೇ ಬರೆದು ಮೇಲಿನವರಿಗೆ ಕೊಟ್ಟೆ. ಮಹಿಳಾ ಕೇಂದ್ರದ ಪುಟಗಳು ಬೇರೆ ಕಡೆಗೆ ಕಾಣದಂತೆ ಬೀಗ ಹಾಕಬೇಕೆಂದು ಹಟ ಹಿಡಿದೆ. ಬೀಗವೇನೋ ಬಿತ್ತು, ಆದರೆ ಅದಕ್ಕೆ ತಿಂಗಳುಗಳೇ ಹಿಡಿದವು. ಮಗು ಎಲ್ಲಿ ಮಲಗಿದೆಯೋ, ಉಳಿದ ಲಸಿಕೆ ಹಾಕಿಸಿದಳೋ ಇಲ್ಲವೋ, ಅವನ ಕೈಗೇ ಸಿಕ್ಕಿಬಿದ್ದಳೋ ಎಂಬ ಯೋಚನೆ ಮಾತ್ರ ನನ್ನನ್ನು ಬಿಡಲಿಲ್ಲ. ಲಗ್ಗೆರೆಯ ಸಂತೆಯಲ್ಲಿ ಮಗು ಎತ್ತಿಕೊಂಡ ಹೆಂಗಸರನ್ನು ಕಂಡರೆ ನಿಂತು ಮುಖ ನೋಡುವುದು ಅಭ್ಯಾಸವಾಯಿತು. ದಿನಕ್ಕೊಮ್ಮೆ ಪೋರ್ಟಲ್ಲಿನಲ್ಲಿ ಸವಿತಾ ಎಂದು ಹುಡುಕುತ್ತಿದ್ದೆ, ಫಿಲೋಮಿನಾ ಎಂದು ಹುಡುಕುತ್ತಿದ್ದೆ. ಹಳೆಯ ಪುಟಗಳ ಹೊರತು ಹೊಸದೇನೂ ಸಿಗುತ್ತಿರಲಿಲ್ಲ.

ಮರುವರ್ಷ ಜಯಮ್ಮನಿಗೆ ಉಸಿರಿನ ತೊಂದರೆ ಜೋರಾಗಿ ಕೆಲಸ ಬಿಟ್ಟರು. ಮಾಕಳಿಯಲ್ಲಿ ತಮ್ಮನ ಮನೆಗೆ ನೋಡಲು ಹೋದೆ. ದಿಂಬಿಗೆ ಒರಗಿ ಕುಳಿತು, ಚಿಮಟದಿಂದ ಸೊಪ್ಪಿನಲ್ಲಿದ್ದ ಹುಳ ಹೆಕ್ಕುತ್ತಿದ್ದರು. ಮಾತಿಗಿಂತ ಹೆಚ್ಚಾಗಿ ಉಸಿರೇ ಕೇಳಿಸುತ್ತಿತ್ತು.

"ಫಿಲೋಮಿನಾ ಸಿಕ್ಕಿದ್ಲಾ?" ಎಂದು ಅವರೇ ಕೇಳಿದರು.

"ಇಲ್ಲ, ಜಯಮ್ಮನೋರೇ. ದಿನಾ ಹುಡುಕ್ತಿದೀನಿ."

"ಉಡುಕ್ಬೇಡ ಬಿಡಮ್ಮಾ. ನಿಂಗ್ ಸಿಕ್ಕಿದ್ರೆ ಅವ್ನಿಗೂ ಸಿಗ್ತಾಳೆ." ನನ್ನ ಕೈಯನ್ನು ತಮ್ಮ ದಪ್ಪ ಬೆರಳುಗಳಲ್ಲಿ ಹಿಡಿದುಕೊಂಡರು. "ನೀನ್ ಅವತ್ತು ಇಲ್ಲ ಅಂದ್ಯಲ್ಲ, ಚೆನ್ನಾಗ್ ಅಂದೆ. ಅಷ್ಟೊತ್ತು ಅವನ್ನ ಕೂರುಸ್ದೆ." ಅದನ್ನೇ ನೆನೆದು ನಕ್ಕರು. ಕೆಮ್ಮು ಬಂತು. ತಮ್ಮನ ಹೆಂಡತಿ ನೀರು ತಂದಳು, ನಾನು ಎದ್ದು ಬಂದೆ. ಮೂರು ವಾರಕ್ಕೆ ಜಯಮ್ಮ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದಾಗ ಮೀಟರ್ ಲೈನಿನ ಐದು ಹೆಂಗಸರು ಬಂದಿದ್ದರು. ಅವರಲ್ಲಿ ಬೆಳ್ಳಿಕೂದಲಿನ ಒಬ್ಬರು ತಮ್ಮ ಹೆಸರು ಫಿಲೋಮಿನಾ ಎಂದರು. ಅವರ ಕೈಯನ್ನು ನಾನು ಬಹಳ ಹೊತ್ತು ಬಿಡಲಿಲ್ಲ.

ಕಳೆದ ತಿಂಗಳು ಬೆಳಿಗ್ಗೆ ಪೋರ್ಟಲ್ಲು ತೆರೆದೆ. ವೈಟ್‌ಫೀಲ್ಡ್ ಕಡೆಯ ಕ್ಲಿನಿಕ್ಕಿನಿಂದ ಒಂದು ಹೊಸ ಪುಟಕ್ಕೆ ಕೆಂಪು ಗುರುತು ಬಿದ್ದಿತ್ತು. ವಯಸ್ಸಿಗೂ ಕೆಲಸಕ್ಕೂ ತಾಳೆಯಾಗುತ್ತಿಲ್ಲ, ಪರಿಶೀಲಿಸಿ ಎಂದಿತ್ತು. ಪುಟ ತೆರೆದೆ. ವಯಸ್ಸು ಇಪ್ಪತ್ತೆಂಟು. ಜೊತೆಯಲ್ಲಿ ಒಂದು ಹೆಣ್ಣುಮಗು, ಲಸಿಕೆಗಳೆಲ್ಲ ಆಗಿವೆ. ಫೋಟೊ ಬೇಡವೆಂದಿದ್ದಾರೆ. ಹಿಂದಿನ ಕೆಲಸ, ಮೀಟರ್ ಜೋಡಣೆ. ಹೆಸರು, ಜಯಮ್ಮ.

ಅಂದು ಹಿಂಬಾಗಿಲಲ್ಲಿ ಜಯಮ್ಮ ಸವಿತಾಳ ಗಲ್ಲ ಹಿಡಿದು ಕೊಟ್ಟದ್ದು ಏನೆಂದು ಆಗ ತಿಳಿಯಿತು. 'ಮಾಹಿತಿ ಸರಿಯಿದೆ' ಎಂಬ ಗುಂಡಿ ಒತ್ತಿದೆ. ಆ ಪುಟಕ್ಕೂ ಬೀಗ ಹಾಕಿದೆ. ಆಮೇಲೆ, ಯೋಚಿಸುವ ಮೊದಲೇ, ಕೈ ಫೋನನ್ನು ಎತ್ತಿಕೊಂಡಿತ್ತು. ಈ ಸುದ್ದಿ ಹೇಳಬೇಕಾದವರ ನಂಬರು ಅದರಲ್ಲಿ ಇನ್ನೂ ಇತ್ತು.