ಮಂಚಿನೀಳ್ಳು ಎಂದೆ, ಸುಮ್ಮನಾದೆ

ಲಕ್ಷ್ಮಕ್ಕ, ನಿಮ್ಮ ಕಾಲು ಹಾಳಾದದ್ದು ನನ್ನಿಂದ. ಗುಡಿ ಹಿಂದಿನ ಬೋರಿನ ನೀರು ನೀವು ಕುಡಿಯುವಂತೆ ಮಾಡಿದವಳು ನಾನು. ತಪ್ಪಾಯಿತೆಂದು ಗೊತ್ತಾದ ಮೇಲೂ ಎಂಟು ವರ್ಷ ಬಾಯಿ ಬಿಡಲಿಲ್ಲ.

ಚಳ್ಳಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಮೊಳಕಾಲ್ಮುರು ಕಡೆಯ ಬೋರುಗಳಲ್ಲಿರುವ, ಮೂಳೆ ಹಲ್ಲು ಕೆಡಿಸುವ ಫ್ಲೋರೈಡ್ ಮೇಲೆಯೇ ಪಿಎಚ್.ಡಿ. ಮಾಡಿದೆ. ಸಂಶೋಧನೆ ಜನರಿಗೆ ಮುಟ್ಟಬೇಕು, ಇಂಗ್ಲಿಷಿನಲ್ಲಿ ಬರೆದು ಕಪಾಟಿನಲ್ಲಿಟ್ಟರೆ ಏನು ಬಂತು — ಹೀಗೆಲ್ಲ ಭಾಷಣ ಬಿಗಿಯುತ್ತಿದ್ದೆ. ನಿಮ್ಮ ನೇಕಾರರ ಬೀದಿಗೆ ನೀರಿನ ವಿಷಯ ತಿಳಿಸಲು ಬಂದಾಗ ನಿಮ್ಮ ಮನೆಮಾತು ತೆಲುಗಿನಲ್ಲೇ ಮಾತಾಡಿದೆ. ಫ್ಲೋರೈಡ್ ಎಂದರೆ ಯಾರಿಗೆ ತಿಳಿದೀತು ಎಂದು ಆ ಪದವನ್ನೇ ಬಿಟ್ಟೆ. ಓದಿದರೆ ಆಕಳಿಸುತ್ತೀರೆಂದು ಬೋರುಗಳ ಪಟ್ಟಿಯನ್ನೂ ಚೀಲದಲ್ಲೇ ಇಟ್ಟೆ. ಕೊನೆಗೆ, "ಮಂಚಿನೀಳ್ಳೇ ತಾಗಂಡಿ" ಎಂದೆ. ಒಳ್ಳೆಯ ನೀರನ್ನೇ ಕುಡಿಯಿರಿ ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾನು ಉಬ್ಬಿಹೋದೆ.

ನಿಮ್ಮ ಬೀದಿಯಲ್ಲಿ ಮಂಚಿನೀಳ್ಳು ಎಂದರೆ ಉಪ್ಪಿಲ್ಲದ, ಬಾಯಿಗೆ ಸಿಹಿಯಾದ ನೀರು. ಅದು ನನಗೆ ಹೊಳೆಯಲೇ ಇಲ್ಲ. ಫ್ಲೋರೈಡ್ ನಾಲಿಗೆಗೆ ಸಿಗುವುದಿಲ್ಲ, ಲಕ್ಷ್ಮಕ್ಕ. ಗುಡಿ ಹಿಂದಿನ ಆ ಸಿಹಿ ಬೋರೇ ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಮೊದಲು ನೀವು ಕುಡಿಯುತ್ತಿದ್ದ, ಮನೆ ಮುಂದಿನ ಉಪ್ಪುನೀರೇ ವಾಸಿಯಿತ್ತು.

ಎರಡು ತಿಂಗಳ ಮೇಲೆ ಸೀರೆ ನೋಡಲು ಬಂದಾಗ ನೀವೇ ಹೇಳಿದಿರಿ: "ನೀವು ಹೇಳಿದ್ ಮೇಲೆ ಉಪ್ಪುನೀರು ಬಿಟ್ವಿ ಮೇಡಂ. ದೂರ ಆದ್ರೂ ಗುಡಿ ಹಿಂದಿಂದೇ ತರ್ತೀವಿ."

ಆಗ ಹೊಳೆಯಿತು. ಅಲ್ಲೇ ಹೇಳಬಹುದಿತ್ತು — ಅದು ಬೇಡ, ಬಿಟ್ಟುಬಿಡಿ — ಎರಡೇ ಮಾತು. ಆದರೆ ಆ ವಾರವಷ್ಟೇ, ಜನರಿಗೆ ವಿಜ್ಞಾನ ಮುಟ್ಟಿಸಿದವಳೆಂದು ನನಗೆ ಶಾಲು ಹೊದಿಸಿದ್ದರು. ನನ್ನ ಮಾತು ನಿಮಗೆ ಅರ್ಥವಾಗಿಲ್ಲ ಎಂದು ಒಪ್ಪಿಕೊಳ್ಳಲು — ಇಲ್ಲ, ಇಲ್ಲೂ ಜಾರಿಕೊಳ್ಳುತ್ತಿದ್ದೇನೆ. ಅರ್ಥವಾಗದೆ ಇದ್ದದ್ದು ನನಗೆ, ನಿಮ್ಮ ಮಾತು. ಸೀರೆಯ ಅಂಚು ಚೆನ್ನಾಗಿದೆ ಎಂದು ಹೇಳಿ ಬಸ್ಸು ಹತ್ತಿದೆ. ಮುಂದಿನ ವಾರ ಬಂದು ಹೇಳೋಣ ಅಂದುಕೊಂಡೆ. ಆಮೇಲೆ ಮುಂದಿನ ತಿಂಗಳು. ಆಮೇಲೆ ನಿಮ್ಮೂರಿನ ಕಡೆ ಬರುವುದನ್ನೇ ಬಿಟ್ಟೆ.

ಹೋದ ವಾರ ನಿಮ್ಮ ಮಗಳು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. "ಅವ್ವಂಗೆ ಮಂಡಿ ಮಡಚಕ್ಕೆ ಬರಲ್ಲ ಮೇಡಂ. ಮಗ್ಗದ ಗುಂಡಿಗೆ ಕಾಲಿಳಿಸಿ ಕೂರಕ್ಕೇ ಆಗಲ್ಲ. ಒಳ್ಳೆ ನೀರೇ ಕುಡಿತಿದ್ಲು, ಹಿಂಗ್ಯಾಕಾತೋ" ಎಂದಳು.

"ವಯಸ್ಸಾಯ್ತಲ್ಲಮ್ಮ" ಎಂದೆ. ಆಗಲೂ, ಲಕ್ಷ್ಮಕ್ಕ. ನಾಚಿಕೆಯಾಗುತ್ತಿದೆ.

ಭಾನುವಾರ ಬರುತ್ತೇನೆ. ಬೀದಿಯವರೆಲ್ಲರ ಎದುರು ಆ ಬೋರಿಗೆ ಬೆರಳು ತೋರಿಸಿ ಹೇಳುತ್ತೇನೆ. ಮೊಮ್ಮಕ್ಕಳಾದರೂ ಉಳಿಯಲಿ ಎಂದು ಬರೆಯಹೊರಟೆ — ಅವರ ಹಲ್ಲಿಗೆ ಆಗಲೇ ಕಂದು ಗೆರೆ ಬಂದಿದೆಯಂತೆ. ನೀವು ಬಾಯಿಗೆ ಬಂದಂತೆ ಬಯ್ಯಿರಿ, ತಲೆ ತಗ್ಗಿಸಿ ನಿಂತು ಕೇಳುತ್ತೇನೆ. ನಾನು ಎಷ್ಟು ಕೇಳಿಸಿಕೊಂಡರೂ ನೀವು ಇನ್ನು ಮಗ್ಗಕ್ಕೆ ಕೂರಲಾರಿರಿ.